ನೌಕರಿಯ ನುಡಿ: ರಾಯಚೂರು ಸೀಮೆಯ ಒಂದು ಚರಿತ್ರೆ

ರಾಯಚೂರಿಗೆ ಉತ್ತರದಲ್ಲಿ, ಕೃಷ್ಣೆಯ ದಂಡೆಯ ಮೇಲೆ ಶಕ್ತಿನಗರವಿದೆ. ನೆರೆಯ ದೇವಸೂಗೂರು ಸೂಗೂರೇಶ್ವರನ ಹಳೆಯ ಕ್ಷೇತ್ರ. ಶಕ್ತಿನಗರವಾದರೋ 1985ರಲ್ಲಿ ಉತ್ಪಾದನೆ ಆರಂಭಿಸಿದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಿಂದ ಬೆಳೆದ ಊರು. ಬಾಯ್ಲರು, ಶಿಫ್ಟು, ಪರ್ಮನೆಂಟು, ಪ್ರಮೋಷನ್ನು ಎಂಬ ಮಾತುಗಳು ಸ್ಥಾವರದ ಜೊತೆಯಲ್ಲಿ ಬಂದು ಮನೆಮಾತಿನಲ್ಲಿ ಬೆರೆತಿವೆ. ಇದರಿಂದ ಕನ್ನಡ ಕೆಟ್ಟಿತೆಂದು ಮರುಗುವವರುಂಟು. ಆದರೆ ಈ ಸೀಮೆಗೆ ಉದ್ಯೋಗವು ಪರನುಡಿಯ ಉಡುಪಿನಲ್ಲಿ ಬಂದದ್ದು ಇದೇ ಮೊದಲ ಸಲವೇನಲ್ಲ.

ನಮ್ಮ ಪದಗಳನ್ನೇ ನೋಡೋಣ. ನೌಕರಿ, ಅರ್ಜಿ, ಹುದ್ದೆ, ಲಾಯಕು, ಖಾಯಂ, ಹಂಗಾಮಿ, ವಜಾ – ಇವೆಲ್ಲ ಪಾರಸಿಯ ದಾರಿಯಿಂದ ಬಂದವು. ಬಹಮನಿ, ಆದಿಲಶಾಹಿ, ನಿಜಾಮಶಾಹಿ ಕಚೇರಿಗಳಲ್ಲಿ ಬಳಕೆಯಾಗಿ ನಮ್ಮವಾದವು. ‘ಉಮೇದುವಾರ’ ಎಂದರೆ ಆಸೆ ಹೊತ್ತವನು. ಅವನ ಸ್ಥಾನಕ್ಕೆ ಬಂದ ‘ಅಭ್ಯರ್ಥಿ’ ಬೇಡುವವನು. ‘ರಾಜೀನಾಮೆ’ ಮೂಲದಲ್ಲಿ ಒಪ್ಪಿಗೆಯ ಪತ್ರ. ಹಿಡುವಳಿಯನ್ನು ಬಿಟ್ಟುಕೊಡುವ ರೈತನ ಒಪ್ಪಿಗೆಯಾಗಿ ಕಂದಾಯದ ಕಾಗದಗಳಲ್ಲಿ ಸೇರಿ, ಕನ್ನಡದಲ್ಲಿ ಕೆಲಸ ಬಿಡುವ ಪತ್ರವಾಯಿತು. ಉರ್ದುವಿನಲ್ಲಿ ಅದು ಇಂದಿಗೂ ಒಪ್ಪಂದವೇ. ಕೆಲಸ ಬಿಡುವುದಕ್ಕೆ ಅಲ್ಲಿ ‘ಇಸ್ತೀಫಾ’ ಎಂಬ ಬೇರೆ ಮಾತಿದೆ. ‘ಸಂಬಳ’ವು ಸಂಸ್ಕೃತದಲ್ಲಿ ದಾರಿಯ ಬುತ್ತಿ. ‘ಪಗಾರ’ವೋ ಪೋರ್ಚುಗೀಸರಿಂದ ಬಂದದ್ದು, ಅವರ ನುಡಿಯಲ್ಲಿಯೂ ಅದರ ಸೋದರಿ ಸ್ಪ್ಯಾನಿಷಿನಲ್ಲಿಯೂ ‘ಪಗಾರ್’ ಎಂದರೆ ಹಣ ಸಲ್ಲಿಸುವುದು.

ಹಾಗೆಂದು ಕನ್ನಡಕ್ಕೆ ಈ ವಿಷಯದಲ್ಲಿ ಸ್ವಂತ ವಿಚಾರವೇ ಇರಲಿಲ್ಲವೆನ್ನಲಾಗದು. ಶರಣರ ‘ಕಾಯಕ’ ಇದೆಯಷ್ಟೆ. ಇದೇ ಜಿಲ್ಲೆಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳಂತೆ. ಕಾಯಕದಲ್ಲಿ ಮೇಲೇರುವ ಮೆಟ್ಟಿಲಿಲ್ಲ. ನೌಕರಿಯಲ್ಲಿ ಮೆಟ್ಟಿಲುಗಳೇ ಎಲ್ಲ. ಆ ಮೆಟ್ಟಿಲುಗಳ ಹೆಸರು ಮಾತ್ರ ಸರ್ಕಾರದ ನುಡಿಯಲ್ಲಿರುತ್ತವೆ.

ಹೈದರಾಬಾದು ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನವನ್ನು ಉರ್ದು ಪಡೆಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ಕೊಟ್ಟಿತು. ದೇಶಭಾಷೆಯೊಂದರಲ್ಲಿ ವಿಜ್ಞಾನ, ಕಾನೂನುಗಳನ್ನು ಕಲಿಸಿದ ಆ ಸಾಹಸ ಸಾಮಾನ್ಯವಾದುದಲ್ಲ. ಆದರೆ ಮಾನ್ವಿಯ ಅಥವಾ ದೇವದುರ್ಗದ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ ಆಗಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಉಸ್ಮಾನಿಯಾದಲ್ಲಿ ಇಂಗ್ಲಿಷು ನೆಲೆಗೊಂಡಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಉರ್ದುವನ್ನು ಬೆವರು ಸುರಿಸಿ ಕಲಿತವನು ನಡುವಯಸ್ಸಿನಲ್ಲಿ ಇಂಗ್ಲಿಷಿನ, ಕನ್ನಡದ ಕಡತಗಳ ಮುಂದೆ ಮತ್ತೆ ವಿದ್ಯಾರ್ಥಿಯಾಗಬೇಕಾಯಿತು.

ಈ ಚರಿತ್ರೆಯ ಅತ್ಯಂತ ಸೂಕ್ಷ್ಮವಾದ ಪದ ‘ಮುಲ್ಕಿ’. ನಾಡಿನವನು ಎಂದು ಅದರ ಅರ್ಥ. 1919ರ ನಿಯಮದಂತೆ ಸಂಸ್ಥಾನದ ನೌಕರಿಗೆ ಮುಲ್ಕಿಗಳೇ ಅರ್ಹರು. ಹೊರಗಿನಿಂದ ಬಂದವರು ಮುಲ್ಕಿಗಳೆನಿಸಲು 15 ವರ್ಷ ನೆಲೆಸಿರಬೇಕಾಗಿತ್ತು. ಅರ್ಜಿದಾರನ ಯೋಗ್ಯತೆಗೂ ಮೊದಲು ಅವನ ನೆಲವನ್ನು ಕೇಳಿದ ಪದವಿದು. ಆ ಪದ ಇಲ್ಲಿ ಮರೆಯಾದರೂ ಪ್ರಶ್ನೆ ಮರೆಯಾಗಲಿಲ್ಲ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ, ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ಮಾಡಿತು. ಮುಲ್ಕಿಯ ಪ್ರಶ್ನೆಯನ್ನು ಇಂದು ‘ಸ್ಥಳೀಯ’ ಎಂಬ ಪದ ಕೇಳುತ್ತಿದೆ.

ಪರನುಡಿಯ ಪದ ಬರುವುದರಿಂದ ಕೇಡಿಲ್ಲ. ಅರ್ಥ ತಿಳಿಯದೆ ಅದಕ್ಕೆ ರುಜು ಹಾಕುವುದರಿಂದ ಕೇಡುಂಟು. ಇದು ನಮ್ಮೊಬ್ಬರ ತೊಡಕಲ್ಲ. ಇಂಗ್ಲಿಷಿನ ‘ಕೆರಿಯರ್’ ಎಂಬುದೂ ಸ್ಪ್ಯಾನಿಷಿನ ‘ಕರ್ರೇರಾ’ ಎಂಬುದೂ ಗಾಡಿಯ ಹಾದಿ ಎಂಬ ಒಂದೇ ಲ್ಯಾಟಿನ್ ಮೂಲದವು. ಆದರೆ ಮೊದಲನೆಯದು ಬಾಳಿನುದ್ದದ ವೃತ್ತಿ. ಎರಡನೆಯದು ಸಾಮಾನ್ಯವಾಗಿ ಓಟ, ಇಲ್ಲವೆ ಪದವಿಯ ವ್ಯಾಸಂಗ. ರೂಪವನ್ನು ನಂಬಿದ ಸ್ಪ್ಯಾನಿಷ್ ವಿದ್ಯಾರ್ಥಿ ಅರ್ಥದಲ್ಲಿ ಎಡವುತ್ತಾನೆ. ಅಕ್ಕಪಕ್ಕದ ನುಡಿಯವನ ಪಾಡೇ ಹೀಗಾದರೆ, ದೂರದ ನುಡಿಯವರಾದ ನಮ್ಮ ಮಕ್ಕಳ ಪಾಡೇನು?

‘ಗುತ್ತಿಗೆ ನೌಕರ’ ಎಂಬ ಈಗಿನ ಮಾತನ್ನೇ ತೆಗೆದುಕೊಳ್ಳಿ. ‘ಗುತ್ತಿಗೆ’ ಕನ್ನಡದ ಹಳೆಯ ಸೊತ್ತು, ‘ನೌಕರ’ ಪಾರಸಿಯದು. ಎರಡೂ ಪರಿಚಿತವಾದುದರಿಂದ ಇಡೀ ಮಾತೂ ಪರಿಚಿತವೆನಿಸುತ್ತದೆ. ಆದರೆ ಅವಧಿ ಮುಗಿದ ಮೇಲೆ ಏನು, ಪಗಾರ ಕೊಡುವವರು ಯಾರು, ಖಾಯಮ್ಮಿಗೂ ಇದಕ್ಕೂ ಇರುವ ಅಂತರವೆಷ್ಟು ಎಂಬುದನ್ನು ಬಿಡಿಸಿ ಹೇಳುವವರು ಬೇಕು. ನಮ್ಮ ಶಾಲೆ ಕಾಲೇಜುಗಳ ಕನ್ನಡ ತರಗತಿಯಲ್ಲಿ ಹಳಗನ್ನಡದ ಪದ್ಯದ ಜೊತೆಗೆ ಒಂದು ನೇಮಕಾತಿ ಪತ್ರವನ್ನೂ ಪದಪದವಾಗಿ ಬಿಡಿಸಿ ಓದಿಸಿದರೆ ಸಾಹಿತ್ಯಕ್ಕೆ ಕುಂದೇನೂ ಬಾರದು. ಉಮೇದುವಾರನ ಉಮೇದಿಗೆ ಅರಿವಿನ ಬೆಂಬಲವಿದ್ದಾಗ ಮಾತ್ರ ಅವನು ಮಾಡಿದ ನಿರ್ಧಾರ ಅವನದೇ ಆಗುತ್ತದೆ.