ತೋಳ ನಾಯಿಯಾದದ್ದು ಹೇಗೆ?

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗೆಳೆಯರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಏನಾದರೂ ಬರೆಯುತ್ತೇನೆಂದು ಅವರು ತಿಳಿದಿದ್ದರು. ಆದರೆ ನಾನು ಬರೆಯುತ್ತಿರುವುದು ತೋಳ ಮತ್ತು ನಾಯಿಯ ಬಗ್ಗೆ. ಒಂಬತ್ತನೆಯ ತರಗತಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಸರ್ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ತಡವಾಗಿ ಆ ಉತ್ತರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ್ದು

ನನ್ನ ಸೋದರಮಾವ ಸುರಪುರದ ಕಡೆಯ ಹಳ್ಳಿಯವರು, ಕುರಿ ಕಾಯುವವರು. ಆ ವರ್ಷ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಅವರ ಹೊಲಕ್ಕೆ ಹೋಗಿದ್ದೆ. ಹಿಂದಿನ ವಾರವಷ್ಟೇ ತೋಳ ಎರಡು ಕುರಿ ಹೊತ್ತೊಯ್ದಿತ್ತು. ಊರಿನವರು ಗುಡ್ಡದಲ್ಲಿ ತೋಳದ ಗವಿ ಪತ್ತೆ ಮಾಡಿ ಬಾಯಿಗೆ ಹೊಗೆ ಹಾಕಿದರು. ಒಣ ಹುಲ್ಲು ತಂದುಕೊಟ್ಟವರಲ್ಲಿ ನಾನೂ ಒಬ್ಬ. ಒಂದು ಮರಿ ಮಾತ್ರ ಜೀವಂತ ಸಿಕ್ಕಿತು. ಮಾವ ಅದನ್ನು ಹಟ್ಟಿಗೆ ತಂದು ಕಟ್ಟಿದರು. "ಸಾಕಿದ್ರ ಇದೂ ನಾಯಿ ಆಗ್ತದ" ಎಂದರು. ತೋಳವನ್ನು ಕೊಲ್ಲುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಆ ಮರಿ ನಾಯಿ ಆಗಲಿಲ್ಲ. ಹಟ್ಟಿಯ ನಾಯಿಮರಿಗಳು ಕೈ ನೆಕ್ಕುತ್ತಿದ್ದರೆ ಅದು ಮೂಲೆ ಸೇರುತ್ತಿತ್ತು. ಬೊಗಳಲಿಲ್ಲ, ಹೆಸರಿಟ್ಟು ಕರೆದರೆ ತಿರುಗಲಿಲ್ಲ. ಯುಗಾದಿಯ ಹೊತ್ತಿಗೆ ಹಟ್ಟಿಯ ನಾಯಿಗಳಿಗೆ ರೋಗ ಬಂತು. ಕಣ್ಣಲ್ಲಿ ಪಿಸುರು, ಮೂಗಲ್ಲಿ ಕೀವು, ಆಮೇಲೆ ಕಾಲಿನ ಸೆಳೆತ. ನಾಯಿಗಳಲ್ಲಿ ಕೆಲವು ಉಳಿದವು. ತೋಳದ ಮರಿಗೂ ಅದೇ ಹತ್ತಿತು. "ಹತ್ತಿರ ಹೋಗಬ್ಯಾಡ್ರಿ" ಎಂದರು ಹಿರಿಯರು. ನಾನೂ ಹೋಗಲಿಲ್ಲ. ಅದರ ಮುಂದಿನ ನೀರಿನ ಪರಿಯಾಣ ಎರಡು ದಿನ ಖಾಲಿ ಇದ್ದದ್ದನ್ನು ನೋಡಿದ್ದೆ. ಮೂರನೆಯ ದಿನ ಮರಿ ಸತ್ತಿತ್ತು.

ರಜೆ ಮುಗಿದು ಶಾಲೆಗೆ ಬಂದ ಮೇಲೆ ಈ ಕತೆಯನ್ನು ತರಗತಿಯಲ್ಲಿ ಹೇಳಿದೆ. ಸರ್ ಬೈಯಲಿಲ್ಲ. ಶಿಲಾಯುಗದ ಪಾಠದ ಪುಟ ತೆರೆದು ಕೇಳಿದರು: "ಒಂದು ತೋಳ ಸಾಕಿದ್ರ ನಾಯಿ ಆಗಲಿಲ್ಲ ಅಂದಿ. ಹಂಗಾದ್ರ ಮೊದಲ ನಾಯಿ ಎಲ್ಲಿಂದ ಬಂತು? ಹುಡುಕಿ ಹೇಳು."

ನಮ್ಮ ನೆಲದ ಗಡಿಯಾರ

ಉತ್ತರ ಹುಡುಕುವ ಮೊದಲು ಕಾಲದ ಅಳತೆ ಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಭಾರತದ ಹಳೆಯ ಶಿಲಾಯುಗದ ಬಹು ದೊಡ್ಡ ನೆಲೆಗಳ ಸಾಲಿಗೆ ಸೇರಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1960ರ ದಶಕದಿಂದ ದಶಕಗಳ ಕಾಲ ಈ ನೆಲದಲ್ಲಿ ನಡೆದಾಡಿ ಅವುಗಳನ್ನು ಜಗತ್ತಿಗೆ ಪರಿಚಯಿಸಿದರು. ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸನ್ನು ಒಡೆದು ಕೈಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಸಿಕ್ಕಿತು. ಅಲ್ಲಿನ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ತಿಳಿದುಬಂದಿದೆ.

ಈ 12 ಲಕ್ಷ ವರ್ಷಗಳನ್ನು ನಮ್ಮ ಶಾಲೆಯ ಒಂದು ದಿನಕ್ಕೆ ಇಳಿಸಿ ನೋಡೋಣ. ಬೆಳಿಗ್ಗೆ 10ಕ್ಕೆ ಪ್ರಾರ್ಥನೆ, ಸಂಜೆ 4ಕ್ಕೆ ಉದ್ದ ಗಂಟೆ. ಪ್ರಾರ್ಥನೆಯ ಹೊತ್ತಿಗೆ ಇಸಾಂಪುರದಲ್ಲಿ ಕಲ್ಲು ಒಡೆಯುವ ಸದ್ದು ಕೇಳುತ್ತದೆ. ನಾಯಿ ಮನುಷ್ಯನ ಜತೆ ಕಾಣಿಸಿಕೊಳ್ಳುವುದು ಗಂಟೆ ಹೊಡೆಯಲು ಸುಮಾರು ನಾಲ್ಕೂವರೆ ನಿಮಿಷ ಇದ್ದಾಗ. ನಮ್ಮ ಭಾಗದ ಮೊದಲ ದನಗಾಹಿಗಳು ಬರುವುದು ಒಂದು ನಿಮಿಷದ ಚಿಲ್ಲರೆ ಮುಂಚೆ. ನಮ್ಮ ಶಾಲೆಯ ಈ 50 ವರ್ಷ ಪೂರ್ತಿ ಒಂದು ಸೆಕೆಂಡೂ ಆಗುವುದಿಲ್ಲ. ಅಂದರೆ ಮನುಷ್ಯ ತನ್ನ ಆಯುಷ್ಯದ ಬಹುಪಾಲನ್ನು ನಾಯಿಯಿಲ್ಲದೆ ಕಳೆದಿದ್ದಾನೆ. ಆದರೆ ದನ, ಕುರಿ, ಜೋಳ ಎಲ್ಲಕ್ಕಿಂತ ಮೊದಲು ಮನುಷ್ಯನ ಮನೆಗೆ ಬಂದದ್ದು ನಾಯಿಯೇ. ಕುರಿ ಮೇಕೆಗಳನ್ನು ಪಳಗಿಸಿದ್ದು ಸುಮಾರು 10,000 ವರ್ಷಗಳ ಹಿಂದೆ. ನಾಯಿ ಅದಕ್ಕೂ ಕೆಲವು ಸಾವಿರ ವರ್ಷ ಹಿರಿಯ.

ಯಾರು ಯಾರ ಬಳಿಗೆ ಬಂದರು?

ಹಿಮಯುಗದ ಕೊನೆಯ ಭಾಗದಲ್ಲಿ ಯುರೋಪ್ ಮತ್ತು ಏಷ್ಯಾದ ಬಯಲುಗಳಲ್ಲಿ ತೋಳವೂ ಮನುಷ್ಯನೂ ಒಂದೇ ಬೇಟೆಯ ಹಿಂದೆ ಅಲೆಯುತ್ತಿದ್ದರು. ಇಬ್ಬರೂ ಕುಟುಂಬ ಕಟ್ಟಿಕೊಂಡು ಬದುಕುವವರು, ಕೂಡಿ ಬೇಟೆಯಾಡುವವರು, ಮಕ್ಕಳನ್ನು ಎಲ್ಲರೂ ಸೇರಿ ಸಾಕುವವರು. ಇವರ ನಡುವೆ ಗೆಳೆತನ ಹುಟ್ಟಿದ್ದಕ್ಕೆ ವಿದ್ವಾಂಸರು ಮುಖ್ಯವಾಗಿ ಮೂರು ದಾರಿ ಹೇಳುತ್ತಾರೆ.

ಮೊದಲನೆಯದು ನನ್ನ ಮಾವನ ದಾರಿ. ಬೇಟೆಗಾರರು ಗವಿಯಿಂದ ಮರಿ ತಂದು ಸಾಕಿದರು, ಸಾಧುವಾದವು ಉಳಿದವು. ಎರಡನೆಯದು ತೋಳ ತಾನಾಗಿಯೇ ಬಂದ ದಾರಿ. ಮನುಷ್ಯರ ಬಿಡಾರದ ಹೊರಗೆ ಎಲುಬು, ಚರ್ಮದ ಚೂರು ಬೀಳುತ್ತಿದ್ದವು. ಹೆಚ್ಚು ಹೆದರುವ ತೋಳ ಓಡಿಹೋಗುತ್ತಿತ್ತು, ಹೆಚ್ಚು ಸಿಟ್ಟಿನ ತೋಳ ಏಟು ತಿಂದು ಸಾಯುತ್ತಿತ್ತು. ನಡುವಿನ ಸ್ವಭಾವದವು ಹೊಟ್ಟೆ ತುಂಬ ತಿಂದು ಮರಿ ಹಾಕಿದವು. ಮೂರನೆಯದು ಮಾಂಸದ ಲೆಕ್ಕ. ಮನುಷ್ಯನ ದೇಹ ಕೊಬ್ಬಿಲ್ಲದ ಮಾಂಸವೊಂದನ್ನೇ ತಿಂದು ಬದುಕಲಾರದು. ಕಡು ಚಳಿಗಾಲದಲ್ಲಿ ಬೇಟೆಯ ಪ್ರಾಣಿಗಳು ಬಡಕಲಾಗಿರುತ್ತವೆ. ಆಗ ಮಿಕ್ಕ ಒಣ ಮಾಂಸವನ್ನು ತೋಳಕ್ಕೆ ಹಾಕಿದರೆ ಮನುಷ್ಯನಿಗೆ ನಷ್ಟವಿಲ್ಲ.

ಈ ಮೂರು ದಾರಿಗಳೂ ಒಂದಕ್ಕೊಂದು ವಿರೋಧವಲ್ಲ, ಕೂಡಿಯೂ ನಡೆದಿರಬಹುದು. ಆದರೆ ಮೂರರಲ್ಲೂ ಒಂದು ಮಾತು ಸಮಾನ. ಒಂದು ಮರಿಯನ್ನು ಪಳಗಿಸುವುದು ಬೇರೆ, ಒಂದು ವಂಶವೇ ಪಳಗುವುದು ಬೇರೆ. ರಷ್ಯಾದ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಸೈಬೀರಿಯಾದಲ್ಲಿ ನರಿಗಳ ಮೇಲೆ ಇದನ್ನು ಪರೀಕ್ಷಿಸಲು ತೊಡಗಿದರು. ಅವರ ಜತೆಗಾರ್ತಿ ಲುದ್ಮಿಲಾ ತ್ರುತ್ ಮುಂದೆ ಆ ಕೆಲಸವನ್ನು ದಶಕಗಳ ಕಾಲ ನಡೆಸಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯನಿಗೆ ಕಡಿಮೆ ಹೆದರುವ, ಕಡಿಮೆ ಕಚ್ಚುವ ನರಿಗಳಿಂದ ಮಾತ್ರ ಮರಿ ಪಡೆದರು. ಕೆಲವೇ ತಲೆಮಾರುಗಳಲ್ಲಿ ಮರಿಗಳು ಮನುಷ್ಯನನ್ನು ಕಂಡು ಬಾಲ ಅಲ್ಲಾಡಿಸತೊಡಗಿದವು. ಮುಂದೆ ಕೆಲವಕ್ಕೆ ಜೋಲು ಕಿವಿ, ಬಿಳಿ ಮಚ್ಚೆಗಳೂ ಬಂದವು. ಆರಿಸಿದ್ದು ಸ್ವಭಾವವನ್ನು ಮಾತ್ರ, ಬದಲಾದದ್ದು ರೂಪವೂ ಹೌದು.

ಮಾವನ ಮರಿ ಯಾಕೆ ಪಳಗಲಿಲ್ಲ ಎಂಬುದಕ್ಕೂ ಈಗ ಉತ್ತರವಿದೆ. ತೋಳದ ಮರಿ ಎರಡು ವಾರದಲ್ಲೇ, ಕಣ್ಣು ಕಿವಿ ಸರಿಯಾಗಿ ತೆರೆಯುವ ಮೊದಲೇ, ವಾಸನೆಯಿಂದ ತನ್ನವರನ್ನು ಗುರುತಿಸಲು ತೊಡಗುತ್ತದೆ. ನಾಯಿಮರಿ ಅದನ್ನು ಮಾಡುವುದು ನಾಲ್ಕನೆಯ ವಾರದ ಹೊತ್ತಿಗೆ, ಕಣ್ಣು ಕಿವಿ ತೆರೆದ ಮೇಲೆ. ನಮ್ಮ ಮುಖ, ನಮ್ಮ ದನಿ ಅದರ ಲೋಕದೊಳಗೆ ಸೇರುವುದು ಹೀಗೆ. ನಾವು ಹೊಗೆ ಹಾಕಿ ತಂದ ಮರಿಗೆ ತಿಂಗಳು ತುಂಬಿತ್ತು. ಅದರ ಪಾಲಿಗೆ ನಾವು ಆಗಲೇ ಪರಕೀಯರು.

ಕುಣಿಯೊಳಗಿನ ಸಾಕ್ಷಿ

ಗೆಳೆತನಕ್ಕೆ ಮಣ್ಣಿನೊಳಗೆ ಸಾಕ್ಷಿ ಉಳಿಯುತ್ತದೆಯೇ? ಉಳಿದಿದೆ. ಜರ್ಮನಿಯ ಬಾನ್ ನಗರದ ಹತ್ತಿರ ಒಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲು ಗಣಿಯ ಕೂಲಿಗಳಿಗೆ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜತೆಗೆ ಒಂದು ನಾಯಿಮರಿ. ವಯಸ್ಸು 14,000 ವರ್ಷಕ್ಕೂ ಹೆಚ್ಚು. ಸುಮಾರು ನೂರು ವರ್ಷದ ನಂತರ ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ಪಶುವೈದ್ಯರಿಗೆ ಡಿಸ್ಟೆಂಪರ್ ಎಂಬ ರೋಗದ ಗುರುತುಗಳು ಕಂಡವು. ಅದು ಸತ್ತದ್ದು ಸುಮಾರು ಏಳು ತಿಂಗಳ ವಯಸ್ಸಿಗೆ. ಅದಕ್ಕೆ ಮೊದಲು ವಾರಗಟ್ಟಲೆ ಆ ರೋಗದಿಂದ ನರಳಿತ್ತು. ಅಂಥ ಮರಿ ಬೇಟೆಗೂ ಬಾರದು, ಕಾವಲಿಗೂ ಬಾರದು. ಯಾರೋ ಅದನ್ನು ಬೆಚ್ಚಗಿಟ್ಟು, ವಾಂತಿ ಭೇದಿ ಒರೆಸಿ, ನೀರು ಕುಡಿಸದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಸಂಶೋಧಕರು 2018ರಲ್ಲಿ ಬರೆದರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣಲ್ಲಿ ಪಿಸುರು, ಕಾಲಿನ ಸೆಳೆತ – ನಮ್ಮ ಹಟ್ಟಿಗೆ ಬಂದದ್ದೂ ಆ ರೋಗದಂತೆಯೇ ಇತ್ತು. ಅಕ್ಷರ ಬರದ, ಒಕ್ಕಲುತನ ತಿಳಿಯದ ಹಿಮಯುಗದ ಮನುಷ್ಯ ನೀರು ಕುಡಿಸಿದ್ದ. ಒಂಬತ್ತನೆಯ ತರಗತಿ ಓದುತ್ತಿದ್ದ ನಾನು ಖಾಲಿ ಪರಿಯಾಣ ನೋಡಿ ಸುಮ್ಮನಿದ್ದೆ.

ಇಸ್ರೇಲಿನ ಐನ್ ಮಲ್ಲಾಹದಲ್ಲಿ ಸುಮಾರು 12,000 ವರ್ಷ ಹಳೆಯ ಸಮಾಧಿಯಲ್ಲಿ ಒಬ್ಬ ವ್ಯಕ್ತಿಯ ಕೈ ಮರಿಯ ಮೈಮೇಲಿದೆ. ನಮ್ಮ ದೇಶದ ಕಾಶ್ಮೀರದ ಬುರ್ಜಹೋಮ್‌ನಲ್ಲಿಯೂ ನವಶಿಲಾಯುಗದ ಜನ ಮನುಷ್ಯರ ಜತೆ ನಾಯಿಯನ್ನು ಹೂಳಿದ್ದಾರೆ.

ಬೂದಿಹಾಳದಿಂದ ಆತಕೂರಿನವರೆಗೆ

ಇನ್ನು ನಮ್ಮ ಭಾಗಕ್ಕೆ ಬರೋಣ. ಸುರಪುರ ಸೀಮೆಯ ಕೊಡೇಕಲ್ಲ, ಬೂದಿಹಾಳಗಳಲ್ಲಿ ಬೂದಿದಿಬ್ಬಗಳಿವೆ. ಹಂಪಿ ಕಡೆಯ ಇಂಥದೇ ಒಂದು ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಉತ್ಖನನ ಹೇಳುವುದು ಬೇರೆ: ಇವು ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳು. ಪದ್ದಯ್ಯನವರು ಬೂದಿಹಾಳದಲ್ಲಿ ದನದ ದೊಡ್ಡಿ, ಪಕ್ಕದಲ್ಲೇ ವಸತಿ, ಪ್ರಾಣಿಗಳನ್ನು ಕಡಿಯುತ್ತಿದ್ದ ನೆಲ ಎಲ್ಲವನ್ನೂ ಗುರುತಿಸಿದರು. ಸುಮಾರು 4,000 ವರ್ಷ ಹಿಂದಿನ ಈ ಜನರ ಕಾಲದಲ್ಲಿ ದಕ್ಷಿಣದ ಹೊಲಗಳಲ್ಲಿದ್ದದ್ದು ಹುರುಳಿ, ಹೆಸರು, ಕಿರುಧಾನ್ಯ. ನಮ್ಮ ಜೋಳ ಆಮೇಲೆ ಆಫ್ರಿಕಾದಿಂದ ಬಂದದ್ದು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ದನ, ಕುರಿ, ಮೇಕೆಗಳ ಎಲುಬಿನ ಜತೆ ನಾಯಿಯ ಎಲುಬುಗಳೂ ಸಿಕ್ಕಿವೆ. ಬೇಟೆಯ ಜತೆಗಾರ ಹಟ್ಟಿಯ ಕಾವಲುಗಾರನಾದ ಕಾಲ ಇದು. ಒಕ್ಕಲುತನ ಮಾಡುವವರ ಜತೆ ಇದ್ದು ಇದ್ದು ನಾಯಿಯ ಹೊಟ್ಟೆಯೂ ಬದಲಾಯಿತು. ಕಾಳಿನ ಪಿಷ್ಟವನ್ನು ಅರಗಿಸುವ ಶಕ್ತಿ ತೋಳಕ್ಕಿಂತ ನಾಯಿಗೆ ಬಹಳ ಹೆಚ್ಚು ಎಂದು 2013ರ ಒಂದು ಅಧ್ಯಯನ ತೋರಿಸಿತು. ನಮ್ಮ ಮನೆಯ ನಾಯಿ ಒಣ ರೊಟ್ಟಿ ತಿಂದು ಬದುಕುವುದರ ಗುಟ್ಟು ಇದೇ.

ಕನ್ನಡ ನಾಡು ನಾಯಿಯ ಋಣವನ್ನು ಕಲ್ಲಿನಲ್ಲೇ ಬರೆದಿಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದ. ಮಣಲೆರ ಊರನ್ನೋ ಹೊನ್ನನ್ನೋ ಕೇಳದೆ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಜತೆ ಕಾದಿತು. ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಭಾನುವಾರ ಹೋಗಿ ಅದರ ಮುಂದೆ ನಿಂತಿದ್ದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇವತ್ತಿಗೂ ಕಾದುತ್ತಿವೆ. ನಮ್ಮ ಯಾದಗಿರಿಯ ಮೈಲಾಪುರದ ಮಲ್ಲಯ್ಯನನ್ನೂ ನೆನೆಯಿರಿ. ಮೈಲಾರಲಿಂಗನ ಪರಂಪರೆಯಲ್ಲಿ ನಾಯಿಗೆ ದೇವರ ಸನ್ನಿಧಿಯಲ್ಲೇ ಜಾಗವಿದೆ.

ತೋಳದ ಗತಿ

ಹಾಗಾದರೆ ನಮ್ಮ ಗುಡ್ಡದ ತೋಳವೇ ನಮ್ಮ ನಾಯಿಯ ಮೂಲವೇ? ಅಲ್ಲ. 2022ರಲ್ಲಿ 72 ಪುರಾತನ ತೋಳಗಳ ವಂಶವಾಹಿಯನ್ನು ಓದಿದ ವಿಜ್ಞಾನಿಗಳಿಗೆ, ನಾಯಿಗಳು ಏಷ್ಯಾದ ಪೂರ್ವ ಭಾಗದ ಪುರಾತನ ತೋಳಗಳಿಗೆ ಹೆಚ್ಚು ಹತ್ತಿರ ಎಂದು ಕಂಡಿತು. 1831ರಲ್ಲಿ ಕರ್ನಲ್ ಸೈಕ್ಸ್ ದಖ್ಖನಿನಿಂದ ವಿಜ್ಞಾನಕ್ಕೆ ಪರಿಚಯಿಸಿದ ನಮ್ಮ ತೋಳದ್ದು ಅದಕ್ಕಿಂತ ಹಿಂದೆಯೇ ಬೇರೆಯಾದ, ಬಹಳ ಹಳೆಯ ಕವಲು. ಅದು ನಮ್ಮ ನಾಯಿಯ ತಂದೆಯಲ್ಲ, ದಾಯಾದಿ.

ಆ ದಾಯಾದಿಯ ಸ್ಥಿತಿ ಈಗ ಚೆನ್ನಾಗಿಲ್ಲ. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,100 ಎಂದು ಒಂದು ಅಂದಾಜು. ಹುಲಿಗಳಿಗಿಂತ ಕಡಿಮೆ. ತೋಳಕ್ಕೆ ಕಾಡು ಬೇಡ, ನಮ್ಮಲ್ಲಿರುವಂಥ ಹುಲ್ಲುಗಾವಲು, ಕುರುಚಲು ಗುಡ್ಡ ಸಾಕು. ಅವನ್ನೇ ನಾವು ಪಾಳು ಭೂಮಿ ಎಂದು ಕರೆದು ಒಂದೊಂದಾಗಿ ಮುಗಿಸುತ್ತಿದ್ದೇವೆ. ಕಾಲುವೆಯ ನೀರು ನಮ್ಮ ಮನೆಗಳಿಗೆ ಅನ್ನ ಕೊಟ್ಟಿದೆ, ಅದನ್ನು ಅಲ್ಲಗಳೆಯಲಾರೆ, ನಾನು ಬಿ.ಇ. ಓದಿದ್ದೇ ಆ ನೀರಿನ ದುಡ್ಡಿನಲ್ಲಿ. ಆದರೆ ನೀರು ಹತ್ತದ ಗುಡ್ಡಗಳನ್ನಾದರೂ ಉಳಿಸಬಹುದು. ಇನ್ನೊಂದು ಕಷ್ಟವೆಂದರೆ, ಬೀದಿನಾಯಿಗಳಿಂದ ಡಿಸ್ಟೆಂಪರ್, ರೇಬಿಸ್ ರೋಗಗಳು ತೋಳಗಳಿಗೆ ಹರಡುತ್ತವೆ, ನಾಯಿಗಳ ಜತೆ ಬೆರಕೆಯೂ ಆಗುತ್ತಿದೆ. ಊರ ನಾಯಿಗೆ ಲಸಿಕೆ ಹಾಕಿಸಿದರೆ ನಮ್ಮ ಮಕ್ಕಳೂ ಉಳಿಯುತ್ತಾರೆ, ತೋಳವೂ ಉಳಿಯುತ್ತದೆ. ಮೇಲುಕೋಟೆಯಲ್ಲಿ 1974ರಲ್ಲೇ ತೋಳಗಳಿಗಾಗಿ ಧಾಮವಾಯಿತು. ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲೂ ಆಗಿದೆ.

ಕುರಿ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ. ಮಾವನ ಎರಡು ಕುರಿ ಎಂದರೆ ಆ ವರ್ಷದ ಮಕ್ಕಳ ಬಟ್ಟೆ, ಪುಸ್ತಕ. ಆ ನಷ್ಟವನ್ನು ಒಬ್ಬ ಕುರಿಗಾಹಿಯ ತಲೆಯ ಮೇಲೆ ಹಾಕಿ, ತೋಳ ಉಳಿಸು ಎಂದು ಊರಿಂದ ಊರಿಗೆ ಬೋಧಿಸುವುದು ನ್ಯಾಯವಲ್ಲ. ಪರಿಹಾರ ಬೇಗ ಕೈಗೆ ಸಿಗಬೇಕು. ಈಗ ಮಾವನಿಗೆ ವಯಸ್ಸಾಗಿದೆ. ಹೋದ ಸಲ ಊರಿಗೆ ಹೋದಾಗ ಅವರೇ ಅಂದರು: "ತ್ವಾಳದ ಕೂಗು ಕೇಳಿ ಭಾಳ ವರ್ಷ ಆತು ನೋಡು." ಅವರ ದನಿಯಲ್ಲಿ ಖುಷಿ ಇರಲಿಲ್ಲ.

ಸರ್, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು. ಒಂದು ತೋಳವನ್ನು ಕಟ್ಟಿಹಾಕಿದರೆ ನಾಯಿ ಆಗುವುದಿಲ್ಲ. ನೂರಾರು ತಲೆಮಾರು ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಹೆದರಿಕೆ ಬಿಟ್ಟದ್ದರಿಂದ ನಾಯಿ ಆಯಿತು. ಈಗ ಇದೇ ಬೆಂಚುಗಳ ಮೇಲೆ ಕೂತಿರುವ ಮಕ್ಕಳಿಗೆ ಒಂದು ಮಾತು: ಇಸಾಂಪುರ, ಬೂದಿಹಾಳ, ವಿಭೂತಿಹಳ್ಳಿಯ ಕಲ್ಲುಸಾಲು – ಮೂರೂ ನಮ್ಮ ಸುತ್ತಮುತ್ತಲೇ ಇವೆ. ಶಾಲೆಯ ಪ್ರವಾಸ ಮೈಸೂರಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಒಂದು ದಿನ ಇಲ್ಲಿಗೂ ಹೋಗಿ ಬನ್ನಿ. ಬೇಸಿಗೆಯಲ್ಲಿ ಮನೆಯ ಮುಂದೆ ಒಂದು ಪರಿಯಾಣ ನೀರಿಡಿ, ಅದು ಖಾಲಿಯಾದರೆ ಮತ್ತೆ ತುಂಬಿಸಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು