ಸುಟ್ಟ ಗ್ರೀಸಿನ ವಾಸನೆಯಿಂದ ಹುಟ್ಟಿದ ಸೈಕಲ್

ದಪ್ಪ ಟೈರು, ನೇರವಾದ ಹ್ಯಾಂಡಲ್, ಹಿಂಚಕ್ರದಲ್ಲಿ ಒಂದರ ಪಕ್ಕ ಒಂದು ಜೋಡಿಸಿದ ಹಲ್ಲುಗಾಲಿಗಳು: ಇಂಥ ಸೈಕಲ್ ಇಂದು ನಮ್ಮ ಊರುಗಳಲ್ಲಿ ಅಪರೂಪವೇನೂ ಅಲ್ಲ. ಅಂಗಡಿಯವರು ಇದನ್ನು ಮೌಂಟನ್ ಬೈಕ್ ಎನ್ನುತ್ತಾರೆ. ಕಾಲೇಜಿಗೆ ಹೋಗಲು ಬೆಟ್ಟ ಹತ್ತಿಳಿಯಬೇಕಾದವರು ನಮ್ಮಲ್ಲಿ ಎಷ್ಟು ಮಂದಿ? ಆದರೂ ಈ ಬೆಟ್ಟದ ಸೈಕಲ್ ನಮ್ಮ ಮನೆಯಂಗಳಕ್ಕೆ ಬಂದು ನಿಂತಿದೆ. ಇದನ್ನು ಕಂಡುಹಿಡಿದವರು ಯಾರು? ದೊಡ್ಡ ಕಾರ್ಖಾನೆಯೊಂದರ ಎಂಜಿನಿಯರ್‌ಗಳಿರಬೇಕು ಎಂದು ನೀವು ಊಹಿಸಿದ್ದರೆ, ಆ ಊಹೆ ತಪ್ಪು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿನ ಟ್ಯಾಮಲ್‌ಪೈಸ್ ಪರ್ವತದ ಸುತ್ತಲಿನ ಕಾಡಿನಲ್ಲಿ, ಬೆಂಕಿ ಬಿದ್ದಾಗ ವಾಹನಗಳು ಓಡಾಡಲೆಂದು ಮಾಡಿದ ಮಣ್ಣಿನ ದಾರಿಗಳಿವೆ. 1970ರ ದಶಕದಲ್ಲಿ ಕೆಲವು ಯುವಕ ಯುವತಿಯರಿಗೆ ಈ ದಾರಿಗಳಲ್ಲಿ ಸೈಕಲ್ ಓಡಿಸುವ ಹುಚ್ಚು ಹಿಡಿಯಿತು. ರಸ್ತೆ ಪಂದ್ಯದ ತೆಳು ಟೈರಿನ ಸೈಕಲ್ ಅಲ್ಲಿ ಬಾಳುತ್ತಿರಲಿಲ್ಲ. ಆದ್ದರಿಂದ ಅವರು ಗುಜರಿಯತ್ತ ತಿರುಗಿದರು. ಷ್ವಿನ್ ಕಂಪನಿಯು 1933ರಲ್ಲಿ ದಪ್ಪನೆಯ ಬಲೂನ್ ಟೈರಿನ ಸೈಕಲ್‌ಗಳನ್ನು ಹೊರತಂದಿತ್ತು. ಅಂಥ ಹಳೆಯ ಸೈಕಲ್‌ಗಳನ್ನು ಅಗ್ಗವಾಗಿ ಕೊಂಡು, ಮಡ್‌ಗಾರ್ಡ್ ಮೊದಲಾದ ಬೇಡದ ಭಾಗಗಳನ್ನೆಲ್ಲ ಕಳಚಿ, ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಅವಕ್ಕೆ 'ಕ್ಲಂಕರ್' ಎಂಬ ತಮಾಷೆಯ ಹೆಸರು ಬಿತ್ತು. ಲಟಾರಿ ಗಾಡಿ ಎಂದಂತೆ.

ಯಾರ ಗಾಡಿ ಹೆಚ್ಚು ವೇಗ? ಈ ಜಗಳ ತೀರಿಸಲು 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಪಟ್ಟಣದ ಬಳಿಯ ಬೆಟ್ಟದಲ್ಲಿ ಒಂದು ಇಳಿಜಾರಿನ ಪಂದ್ಯ ನಡೆಯಿತು. ದಾರಿಯ ಉದ್ದ ಮೂರು ಕಿಲೋಮೀಟರಿಗೆ ತುಸು ಹೆಚ್ಚು. ಇಳಿತ ಸುಮಾರು 400 ಮೀಟರ್. ಅಂದು ಗೆದ್ದವರು ಅಲನ್ ಬಾಂಡ್ಸ್. ದಾರಿಯಲ್ಲಿ ಬೀಳದೆ ಇಳಿದವರೂ ಅವರೊಬ್ಬರೇ!

ಇಲ್ಲಿ ಸ್ವಲ್ಪ ಭೌತಶಾಸ್ತ್ರ ನೋಡೋಣ. ಸೈಕಲ್ ಮತ್ತು ಸವಾರ ಸೇರಿ 100 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕು ಲಕ್ಷ ಜೌಲ್. ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು. ಇದರ ಒಂದಂಶ ಗಾಳಿಯ ಮತ್ತು ನೆಲದ ಪ್ರತಿರೋಧದಲ್ಲಿ ಕಳೆದುಹೋಗುತ್ತದೆ. ಉಳಿದುದರ ಬಹುಪಾಲನ್ನು ಬ್ರೇಕ್ ಶಾಖವಾಗಿ ನುಂಗಬೇಕು. ಆ ಹಳೆಯ ಸೈಕಲ್‌ಗಳಲ್ಲಿ ಇದ್ದುದೋ ಕೋಸ್ಟರ್ ಬ್ರೇಕ್. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಹಬ್ಬಿನೊಳಗೆ ಹಿಡಿಯುವಂಥದು. ಇಷ್ಟು ಶಾಖಕ್ಕೆ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲ ಕೆಳಗಿಳಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ 'ಮತ್ತೆ ತುಂಬು' ಎಂಬರ್ಥದ 'ರೀಪ್ಯಾಕ್' ಎಂಬುದೇ ಆ ದಾರಿಯ ಹೆಸರಾಯಿತು.

ಈ ಪಂದ್ಯವೇ ಅವರ ಪ್ರಯೋಗಶಾಲೆ. ಚಾರ್ಲಿ ಕೆಲ್ಲಿ ಎಂಬವರು ಪಂದ್ಯಗಳನ್ನು ಏರ್ಪಡಿಸಿ ಪ್ರತಿಯೊಬ್ಬರ ಸಮಯವನ್ನು ದಾಖಲಿಸುತ್ತಿದ್ದರು. ಯಾವ ಬದಲಾವಣೆಯಿಂದ ಎಷ್ಟು ಸೆಕೆಂಡು ಉಳಿಯಿತು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಗ್ಯಾರಿ ಫಿಶರ್ ತಮ್ಮ ಸೈಕಲ್ಲಿಗೆ ಡ್ರಮ್ ಬ್ರೇಕ್, ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿಗಳು ಮತ್ತು ಗೇರುಗಳನ್ನು ಜೋಡಿಸಿದರು. ಗೇರು ಬಂದುದರಿಂದ ಬೆಟ್ಟವನ್ನು ತುಳಿದುಕೊಂಡೇ ಹತ್ತಲು ಸಾಧ್ಯವಾಯಿತು. ಆ ದಾರಿಯ ದಾಖಲೆಯೂ ಅವರದೇ: 4 ನಿಮಿಷ 22 ಸೆಕೆಂಡು. ವೆಂಡಿ ಕ್ರ್ಯಾಗ್ ಎಂಬಾಕೆ ತಾನೂ ಪಂದ್ಯದಲ್ಲಿ ಇಳಿದಳು. ಆ ದಿನಗಳ ಛಾಯಾಚಿತ್ರಗಳನ್ನೂ ತೆಗೆದಳು.

ಆದರೆ ಹಳೆಯ ಫ್ರೇಮುಗಳು ಈ ಹೊಡೆತ ತಾಳದೆ ಮುರಿಯತೊಡಗಿದವು. ಆಗ ಕೆಲ್ಲಿಯವರ ಕೋರಿಕೆಯಂತೆ ಜೋ ಬ್ರೀಜ್ 1977ರಲ್ಲಿ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳಿಂದ ಹೊಸದೇ ಆದ ಫ್ರೇಮ್ ಕಟ್ಟಲು ಕೈಹಾಕಿದರು. ಮರುವರ್ಷದ ಹೊತ್ತಿಗೆ ಇಂಥ ಹತ್ತು ಸೈಕಲ್‌ಗಳು ಸಿದ್ಧವಾದವು. ಅವುಗಳಲ್ಲಿ ಮೊದಲನೆಯದು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಬಳಸಿ 'ಮೌಂಟನ್ ಬೈಕ್ಸ್' ಎಂಬ ಪುಟ್ಟ ಕಂಪನಿ ತೆರೆದರು. ಒಂದೊಂದರ ಬೆಲೆ ಸುಮಾರು 1300 ಡಾಲರ್. ಅಷ್ಟರಲ್ಲಿ, 1981ರಲ್ಲಿ, ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ತಯಾರಿಸಿದ 'ಸ್ಟಂಪ್‌ಜಂಪರ್' ಸುಮಾರು 750 ಡಾಲರಿಗೆ ಮಾರುಕಟ್ಟೆಗೆ ಬಂದಿತು. 'ಮೌಂಟನ್ ಬೈಕ್' ಎಂಬ ಹೆಸರೂ ಫಿಶರ್, ಕೆಲ್ಲಿಯವರ ಸ್ವತ್ತಾಗಿ ಉಳಿಯದೆ ಎಲ್ಲರ ಮಾತಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೂ ಪದಕ ದೊರೆಯಿತು.

ಹಾಗಾದರೆ ಸಂಶೋಧಕರು ಯಾರು? ಒಂದೇ ಹೆಸರು ಹೇಳುವುದು ಕಷ್ಟ. ಗೆಳೆಯರ ಈ ಗುಂಪಿಗಿಂತ ಮೊದಲೇ, 1974ರಲ್ಲಿ, ಕುಪರ್ಟಿನೋದ ಕೆಲವು ಯುವಕರು ದಪ್ಪ ಟೈರಿನ ಸೈಕಲ್ಲಿಗೆ ಗೇರು ಜೋಡಿಸಿಕೊಂಡು ಮರಿನ್‌ನ ಪಂದ್ಯವೊಂದಕ್ಕೆ ಬಂದಿದ್ದರು. 1953ರಲ್ಲೇ ಜಾನ್ ಫಿನ್ಲೆ ಸ್ಕಾಟ್ ಎಂಬವರು ಕಾಡುದಾರಿಗೆಂದು ಒಂದು ಸೈಕಲ್ ಕಟ್ಟಿಕೊಂಡಿದ್ದರು. ಒಬ್ಬನ ಉಪಾಯವನ್ನು ಇನ್ನೊಬ್ಬ ನೋಡಿ, ತಿದ್ದಿ, ಮುಂದುವರಿಸಿದ. ಗುಟ್ಟು ಮಾಡಿದ್ದರೆ ಈ ಸೈಕಲ್ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ.

ಕಥೆಗೆ ಒಂದು ಕಹಿಯೂ ಇದೆ. ಸವಾರರ ಸಂಖ್ಯೆ ಹೆಚ್ಚಿದಂತೆ ಕಾಲ್ನಡಿಗೆಯವರು, ಕುದುರೆ ಸವಾರರು ಹೆದರಿದರು. ಮಣ್ಣು ಸವೆಯುತ್ತದೆ ಎಂಬ ಆಕ್ಷೇಪವೂ ಎದ್ದಿತು. 1980ರ ದಶಕದಲ್ಲಿ ಟ್ಯಾಮಲ್‌ಪೈಸ್ ಪ್ರದೇಶದ ಕಿರುದಾರಿಗಳಲ್ಲಿ ಸೈಕಲ್ಲಿಗೆ ನಿಷೇಧ ಬಂದಿತು. ಅಗಲ ದಾರಿಗಳಲ್ಲಿ ವೇಗದ ಮಿತಿ ಬಂದಿತು. ತೊಟ್ಟಿಲಾದ ಬೆಟ್ಟವೇ ಮಗುವಿಗೆ ಬಾಗಿಲು ಹಾಕಿದಂತಾಯಿತು. ಹೊಸ ಯಂತ್ರ ಕಟ್ಟಿದವರು ಅದೇ ದಾರಿಯಲ್ಲಿ ನಡೆಯುವವರನ್ನೂ ನೆನೆಯಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಬ್ರೇಕ್ ಸುಟ್ಟಿತೆಂದು ಆ ಗೆಳೆಯರು ಸೈಕಲ್ಲನ್ನು ಮೂಲೆಗೆ ಎಸೆಯಲಿಲ್ಲ. ಏಕೆ ಸುಟ್ಟಿತು ಎಂದು ಬಿಚ್ಚಿ ನೋಡಿದರು. ನಿಮ್ಮ ಮನೆಯಲ್ಲಿ ಹಳೆಯ ಸೈಕಲ್ ಇದ್ದರೆ, ಮುಂದಿನ ರಜೆಯಲ್ಲಿ ಹಿರಿಯರ ಒಪ್ಪಿಗೆ ಪಡೆದು ಅದರ ಹಬ್ಬನ್ನು ಬಿಚ್ಚಿ ನೋಡಿ. ಗುಂಡುಗಳನ್ನು ಮಾತ್ರ ಎಣಿಸಿಟ್ಟುಕೊಳ್ಳಲು ಮರೆಯದಿರಿ!