ಕಲೆ ತೆಗೆಯೋ ಪುಡಿ, ಕೇರಿಯ ನೀರು



ಸೋಪು ದುಡ್ಡಿದ್ದವರ ಮನೆಯದಾಗಿದ್ದ ಕಾಲದಲ್ಲಿ ನಮ್ಮವರು ಸೌಳು ಮಣ್ಣು ತಂದು ಬಟ್ಟೆ ಬೇಯಿಸ್ತಿದ್ರು. ಆ ಮಣ್ಣಲ್ಲಿರೋ ಸೋಡಾ ಎಣ್ಣೆ ಜಿಡ್ಡನ್ನ ಬಿಡಿಸುತ್ತೆ. ಊರಿನ ಮಡಿವಾಳರು ನಮ್ಮ ಬಟ್ಟೆ ಮುಟ್ಟುವಂತಿರಲಿಲ್ಲ. ಮುಟ್ಟಿದ್ರೆ ಮೇಲಿನವರು ಅವರ ಹೊಟ್ಟೆ ಮೇಲೂ ಹೊಡೀತಿದ್ರು.

ಸೋಪು ಸಿಕ್ಕಿದ ಮೇಲಾದ್ರೂ ಕಲೆ ಹೋಯ್ತಾ? ಇಲ್ಲ. ಗಡಸು ನೀರಿನ ಸುಣ್ಣದಂಶ ಸೋಪಿಗೆ ಸೇರಿದ್ರೆ ನೊರೆ ಬರಲ್ಲ, ಬಿಳಿ ಗಸಿ ಬಟ್ಟೆಗೇ ಅಂಟುತ್ತೆ. ನಮ್ಮ ಕೇರಿ ಬಾವಿ ನೀರಲ್ಲಿ ಬೇಳೆ ಕೂಡ ಬೇಯ್ತಿರಲಿಲ್ಲ. ಒಳ್ಳೆ ನೀರು ಊರ ಕೆರೆಯಲ್ಲಿ, ಅಲ್ಲಿಗೆ ನಾವು ಇಳಿಯಂಗಿಲ್ಲ. ಆಮೇಲೆ ಕೊಳಕರು ಅಂತ ಕರೆದದ್ದೂ ನಮ್ಮನ್ನೇ!

ನಮ್ಮೂರೊಂದರ ಕಥೆಯಲ್ಲ ಇದು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದ್ರು. ದನಕರು ಕುಡಿದಾಗ ಆಗದ ಮೈಲಿಗೆ ಆಗ ಆಯ್ತು. ಸವರ್ಣೀಯರು ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆ ತಂದು ಕೆರೆ 'ತೊಳೆದ್ರು'. ಕೇಸು ಬಾಂಬೆ ಹೈಕೋರ್ಟಲ್ಲಿ ನಮ್ಮ ಪರ ಮುಗಿಯೋಕೆ 1937 ಬಂತು.

ಗಡಸು ನೀರಲ್ಲೂ ಕೆಲಸ ಮಾಡೋ ಡಿಟರ್ಜೆಂಟ್, ಅಂದ್ರೆ ಸರ್ಫ್, 1959ರಲ್ಲಿ ಬಂತು. ಕೂಲಿಯವರಿಗೆ ಎಟುಕಲಿಲ್ಲ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಸೈಕಲ್ ಮೇಲೆ ಮಾರಲು ಶುರು ಮಾಡಿದ ನಿರ್ಮಾ ಅಗ್ಗ, ಮುಂದೆ ನಮ್ಮ ಕೇರಿಗೂ ಬಂತು. ಸೋಡಾ ಜಾಸ್ತಿ, ಅವ್ವನ ಅಂಗೈ ಉರೀತಿತ್ತು. ಆದ್ರೂ ಅದೇ ಬಾವಿ ನೀರಲ್ಲಿ ನನ್ನ ಸ್ಕೂಲ್ ಅಂಗಿ ಬೆಳ್ಳಗಾಯ್ತು.